ಟೂಲ್ ಆಫ್‌ಸೆಟ್: ಝಡ್ ಸುಲಭ, ಎಡವುವುದು ಎಕ್ಸ್‌ನಲ್ಲಿ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕಡೆ ಸಿಎನ್‌ಸಿ ಲೇತ್‌ಗೆ (ಕಂಪ್ಯೂಟರ್ ನಡೆಸುವ ಲೇತ್) ಹೊಸದಾಗಿ ಸೇರಿರುವ ಹುಡುಗರಿಗೆ ಇದು. ಟೂಲ್ ತುದಿ ಎಲ್ಲಿದೆ ಅಂತ ಮಷೀನಿಗೆ ತಿಳಿಸುವ ಲೆಕ್ಕವೇ ಟೂಲ್ ಆಫ್‌ಸೆಟ್. ಝಡ್ ಅಂದರೆ ಜಾಬ್‌ನ (ಕೆಲಸಕ್ಕೆ ಹಿಡಿದ ತುಂಡು) ಉದ್ದದ ದಿಕ್ಕು, ಎಕ್ಸ್ ಅಂದರೆ ವ್ಯಾಸದ ದಿಕ್ಕು.

ಫೇಸಿಂಗ್ ಹೊಡೆದ (ಜಾಬ್‌ನ ಮುಂದಿನ ಮುಖ ಸಮ ಮಾಡಿದ) ಮೇಲೆ ಝಡ್ ಅಲುಗಿಸದೆ ಟೂಲನ್ನು ಎಕ್ಸ್ ಕಡೆ ಹೊರಗೆ ತನ್ನಿ. ಫಾನುಕ್ ಕಂಟ್ರೋಲ್ ಆದರೆ ಮೂಲ ಆಫ್‌ಸೆಟ್ ಇರುವ ಜಾಮೆಟ್ರಿ ಪೇಜಿನಲ್ಲಿ ಝಡ್ 0 ಹೊಡೆದು ಮೆಷರ್ ಒತ್ತಿ. ಆಯ್ತು.

ಎಕ್ಸ್‌ಗೆ ಸಣ್ಣ ಕಟ್ ತೆಗೆದು, ಈ ಸಲ ಝಡ್ ಕಡೆಗೆ ಮಾತ್ರ ಹಿಂದೆ ಬನ್ನಿ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಮೈಕ್ರೋಮೀಟರ್ ಹಿಡಿಯಿರಿ. ವರ್ನಿಯರ್ ಸಾಕು ಅಂತಾರೆ ಕೆಲವರು, ನಾನಂತೂ ಒಪ್ಪಲ್ಲ. ವ್ಯಾಸ 48.62 ಬಂದರೆ ಅದೇ ಪೇಜಿನಲ್ಲಿ ಎಕ್ಸ್‌ಗೆ ಅದನ್ನೇ ಕೊಟ್ಟು ಮೆಷರ್ ಒತ್ತಿ, ಅರ್ಧ ಮಾಡಬೇಡಿ. ಅಳೆಯುವ ಮುಂಚೆ ಜಾಬ್ ಆರಲಿ. 50 ಎಂಎಂ ಉಕ್ಕು 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 0.01 ಎಂಎಂ ದಪ್ಪ ತೋರಿಸುತ್ತದೆ. ನಮ್ಮ ಏಪ್ರಿಲ್ ಬಿಸಿಲು ಬೇರೆ!

ಆಮೇಲಿನ ಸಣ್ಣ ತಿದ್ದುಪಡಿ ವೇರ್ (ಸವೆತ) ಪೇಜಿನಲ್ಲಿ. ಹೊರ ವ್ಯಾಸ 0.04 ಜಾಸ್ತಿ ಬಂದರೆ ಎಕ್ಸ್‌ಗೆ -0.04 ಹೊಡೆದು ಪ್ಲಸ್ ಇನ್‌ಪುಟ್ ಒತ್ತಿ. ಬರೀ ಇನ್‌ಪುಟ್ ಒತ್ತಿದರೆ ಹಳೆಯ ಲೆಕ್ಕ ಅಳಿದುಹೋಗುತ್ತದೆ. ನಾನೊಮ್ಮೆ ಅವಸರದಲ್ಲಿ -0.4 ಹೊಡೆದಿದ್ದೆ. ಮುಗಿಯಲು ಬಂದ ಶಾಫ್ಟ್ ಸೀದಾ ಸ್ಕ್ರ್ಯಾಪ್.

ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುಂಡು) ಬದಲಿಸಿದಾಗ ಹಳೇ ವೇರ್ ಹಾಗೇ ಬಿಡಬೇಡಿ. ಹೊರಗಿನ ಟರ್ನಿಂಗ್ ಟೂಲ್ ಆದರೆ ಎಕ್ಸ್‌ನಲ್ಲಿ +0.2 ಇಟ್ಟು ಮೊದಲ ಜಾಬ್ ಓಡಿಸಿ, ಅಳೆದು, ಆಮೇಲೆ ಸೈಜಿಗೆ ತನ್ನಿ.