ಮರ ಏರುವ ಮೊದಲು ಬುಡದಲ್ಲಿ ನೋಡುವುದು

ಪುತ್ತೂರಿನ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮದ್ದು ಸಿಂಪಡಣೆ ಮತ್ತು ಕೊಯ್ಲಿನ ಉಸ್ತುವಾರಿ ಹಲವು ವರ್ಷಗಳಿಂದ ನನ್ನದು. ಮರವೇರುವವರ ಸುರಕ್ಷತೆಯೆಂದರೆ ಬೆಲ್ಟ್ ಎಂದು ಹೆಚ್ಚಿನವರು ತಿಳಿದಿದ್ದಾರೆ; ಆದರೆ ಮರವೇ ಮುರಿದು ಬಿದ್ದರೆ ಅದಕ್ಕೆ ಕಟ್ಟಿಕೊಂಡ ಬೆಲ್ಟ್ ಯಾರನ್ನೂ ಉಳಿಸದು. ಆದ್ದರಿಂದ ಯಾವ ಮರವನ್ನು ಏರಬಾರದು ಎಂಬುದನ್ನು ಮೊದಲು ತೀರ್ಮಾನಿಸುತ್ತೇನೆ.

ಮಳೆಗಾಲಕ್ಕೆ ಮುಂಚೆ, ತೋಟದ ನೈಋತ್ಯದ ಅಂಚಿನಿಂದ ತಪಾಸಣೆ ಆರಂಭವಾಗುತ್ತದೆ. ಇಳಿಹೊತ್ತಿನ ಬಿಸಿಲು ನೇರವಾಗಿ ಕಾಂಡಕ್ಕೆ ಬಡಿಯುವುದು ಅಲ್ಲಿಯೇ; ಮೊದಲು ಕಂದು ಕಲೆ, ಬಳಿಕ ಸೀಳು ಕಾಣಿಸಿಕೊಂಡು, ಒಳಗೊಳಗೇ ಟೊಳ್ಳಾದ ಮರವೂ ಗೊನೆ ಹೊತ್ತು ನೆಟ್ಟಗೆ ನಿಂತಿರುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸದ್ದಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಅಂಥವಕ್ಕೂ ಬುಡದಲ್ಲಿ ಅಣಬೆ ಮೂಡಿದವಕ್ಕೂ ಕೆಂಪು ಬಣ್ಣ ಬಳಿಸುತ್ತೇನೆ.

ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದು ಹಿಡಿದು ದಾಟುವುದು ನುರಿತವರಿಗೆ ಹೆಮ್ಮೆಯ ವಿಷಯ, ಹತ್ತಿಳಿಯುವ ಶ್ರಮವೂ ಅದರಿಂದ ಉಳಿಯುತ್ತದೆ. ಆದರೆ ದಾಟುವಾಗ ಬೆಲ್ಟ್ ಬಿಚ್ಚಲೇಬೇಕಾದ ಕಾರಣ ನಮ್ಮಲ್ಲಿ ಅದನ್ನು ನಿಲ್ಲಿಸಿದೆವು. ಜೊತೆಗೆ ಮರದ ಲೆಕ್ಕದ ಕೂಲಿಯನ್ನೂ ಬಿಟ್ಟು ದಿನಗೂಲಿಗೆ ಬಂದೆವು. ಮರವೊಂದಕ್ಕೆ ಇಷ್ಟೆಂದು ಹಣ ಕೊಡುತ್ತ, ಅವಸರ ಮಾಡಬೇಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಬೆಲ್ಟಿನ ಹಗ್ಗವೂ ನುಣುಪಾದ ಕಾಂಡಕ್ಕೆ ಸುಮ್ಮನೆ ಬಳಸಿದ್ದಾದರೆ ಮನುಷ್ಯನೊಂದಿಗೇ ಕೆಳಕ್ಕೆ ಜಾರುತ್ತದೆ. ಭಾರ ಬಿದ್ದೊಡನೆ ಬಿಗಿಯುವ ಕುಣಿಕೆಯೇ ಬೇಕು.

ನೆಲದಲ್ಲೇ ನಿಂತು ಗೊನೆ ಕೊಯ್ಯುವ ಉದ್ದನೆಯ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಬೀಳುವ ಭಯ ಕಡಿಮೆಯಾಗಿ ವಿದ್ಯುತ್ತಿನ ಭಯ ಹೆಚ್ಚಿದೆ. ಲೋಹವಲ್ಲವಲ್ಲ ಎಂದು ಧೈರ್ಯವಾಗಿರುವವರನ್ನು ಕಂಡಿದ್ದೇನೆ, ಆದರೆ ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ ಹರಿಯುತ್ತದೆ. ದೋಟಿ ವಾಲಿದರೆ ತಂತಿಗೆ ತಾಗಬಹುದಾದ ಮರಗಳ ಕೊಯ್ಲನ್ನು ಮೆಸ್ಕಾಂನವರಿಗೆ ತಿಳಿಸಿ ಲೈನ್ ಆಫ್ ಮಾಡಿಸಿದ ದಿನವೇ ಇಟ್ಟುಕೊಳ್ಳುತ್ತೇವೆ.

ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸುವ ರೂಢಿ ಇನ್ನೂ ಇದೆ. ಬೆನ್ನುಮೂಳೆ ಮುರಿದಿದ್ದರೆ ಹೀಗೆ ಎತ್ತುವುದರಿಂದಲೇ ಬೆನ್ನುಹುರಿಗೆ ಮತ್ತಷ್ಟು ಪೆಟ್ಟಾಗಬಹುದು. ಹಾಗಾಗಿ ಅಲುಗಿಸದೆ ಮಲಗಿದಂತೆಯೇ ಬಿಟ್ಟು 108ಕ್ಕೆ ಕರೆ ಮಾಡಬೇಕೆಂದು, ತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದೆಂದು ಎಲ್ಲರಿಗೂ ಮೊದಲೇ ತಿಳಿಸಿರುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ, ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಅದರ ವರ್ಷ ಜೂನ್ 1ಕ್ಕೆ ಶುರುವಾಗುವುದರಿಂದ, ಕಂತು ಖಾತೆಯಿಂದ ಕಡಿತವಾಗಿದೆಯೇ ಎಂದು ಪಾಸ್‌ಬುಕ್ ನೋಡಿದ ಮೇಲೆಯೇ ಮಳೆಗಾಲದ ಸಿಂಪಡಣೆಗೆ ಮರ ಏರಿಸುತ್ತೇನೆ.