ವೈರಸ್, ಹೃದಯ, ರಾಗಿ: ಒಬ್ಬರದೇ ಪ್ರಕಟಣೆ ಪಟ್ಟಿ ಜೋಡಿಸಿದ ಬಗೆ

ವೈರಾಣು ವಿಜ್ಞಾನ, ಹೃದ್ರೋಗ, ಸಸ್ಯ ಜೀವವಿಜ್ಞಾನ, ಈ ಮೂರರಲ್ಲೂ ಒಬ್ಬರೇ ಪ್ರಕಟಿಸಿದ್ದಾರೆ ಅಂದಾಗ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾರೂ ನಂಬಲಿಲ್ಲ. "ಒಂದೇ ಹೆಸರಿನ ಮೂರು ಜನರ ಪಟ್ಟಿ ಕಲಸಿಹೋಗಿದೆ, ಬಿಡಿ" ಅಂತ ಪ್ರಕಟಣೆಗಳ ಪರಿಶೀಲನಾ ಸಮಿತಿಯವರು ಕಡತ ವಾಪಸ್ ಕಳಿಸಿದರು. ಬೇರೆ ಕಾಲೇಜುಗಳ ಗ್ರಂಥಪಾಲಕ ಮಿತ್ರರೂ ಅದನ್ನೇ ಹೇಳಿದರು. ಈಗ ಐವತ್ತರ ಆಸುಪಾಸಿನ ಆ ಲೇಖನಗಳಲ್ಲಿ ಎರಡನ್ನು ಬಿಟ್ಟು ಉಳಿದದ್ದೆಲ್ಲ ಒಬ್ಬರದೇ ಅಂತ ಅದೇ ಸಮಿತಿ ಬರವಣಿಗೆಯಲ್ಲಿ ಒಪ್ಪಿದೆ. ಹೇಗೆ ಅಂತ ಮೂರ್ನಾಲ್ಕು ಕಡೆಯಿಂದ ಫೋನು ಬಂದಿದ್ದರಿಂದ ಬರೆಯುತ್ತಿದ್ದೇನೆ. ಮುಂದೆ ಬರುವ ಆರ್ಕಿಡ್ (ORCID) ಅಂದರೆ ಸಂಶೋಧಕರ ಗುರುತುಸಂಖ್ಯೆ, ಡಿಒಐ ಅಂದರೆ ಲೇಖನದ ಗುರುತುಸಂಖ್ಯೆ.

ಸಂಶೋಧಕಿಯನ್ನು ಮೇಡಂ ಅಂತಲೇ ಕರೆಯುತ್ತೇನೆ. ಪಿಎಚ್‌ಡಿ ಮಾಡಿದ್ದು ರಾಗಿ ಬರ ತಡೆದುಕೊಳ್ಳುವ ಬಗೆಯ ಮೇಲೆ. ಅದಾದ ಮೇಲೆ ಕೆಲಸ ಸಿಕ್ಕಿದ್ದು ಹೊರರಾಜ್ಯದ ಒಂದು ಹೃದ್ರೋಗ ಪ್ರಯೋಗಾಲಯದಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಆರ್‌ಟಿ-ಪಿಸಿಆರ್ ಗೊತ್ತಿದ್ದವರನ್ನೆಲ್ಲ ಪರೀಕ್ಷೆಗೆ ಎಳೆದುಕೊಂಡರಲ್ಲ, ಇವರೂ ಹೋದರು, ಅಲ್ಲಿಂದ ವೈರಸ್ ಲೇಖನಗಳು ಶುರು. ವಿಷಯ ಮೂರಾದರೂ ಕೈಯಲ್ಲಿದ್ದ ಕಸುಬು ಒಂದೇ, ಮಾದರಿಯಲ್ಲಿ ಯಾವ ಜೀನ್ ಎಷ್ಟಿದೆ ಅಂತ ಅಳೆಯುವ ರಿಯಲ್ ಟೈಮ್ ಪಿಸಿಆರ್. ರಾಗಿ ಎಲೆಯ ಆರ್‌ಎನ್‌ಎ ಆಗಲಿ, ಹೃದಯದ ಸ್ನಾಯುವಿನದಾಗಲಿ, ಗಂಟಲು ದ್ರವದ್ದಾಗಲಿ, ಒಮ್ಮೆ ಟ್ಯೂಬಿಗೆ ಇಳಿದ ಮೇಲೆ ಯಂತ್ರಕ್ಕೆ ವ್ಯತ್ಯಾಸವಿಲ್ಲ.

ಹೆಸರಿನ ಗೋಳು ನಿಮಗೆ ಗೊತ್ತಿರುವುದೇ. ಶಾಲೆಯ ದಾಖಲೆಯಲ್ಲಿ ಊರಿನದೊಂದು, ಅಪ್ಪನದೊಂದು ಇನಿಶಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆದು ಅಪ್ಪನ ಹೆಸರೇ ಕುಲನಾಮವಾಯಿತು. ಮದುವೆಯಾದ ಮೇಲಿನ ಕೆಲವು ಲೇಖನಗಳಲ್ಲಿ ಗಂಡನ ಹೆಸರು. ನಾವು 'ತ' ಬರೆಯಲು ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಹೆಚ್ ಹಾಕುತ್ತೇವೆ, ಹೊರರಾಜ್ಯದವರು ಆ ಹೆಚ್ ತೆಗೆದುಬಿಟ್ಟಿದ್ದರು. ಹೀಗೆ ಒಬ್ಬರೇ ನಾಲ್ಕೈದು ಜನ ಆಗಿ ಕೂತಿದ್ದರು.

ಹೋದರೆ ಹೋಗಲಿ ಅನ್ನುವಂತಿರಲಿಲ್ಲ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ನೇರ ನೇಮಕದ ಪ್ರೊಫೆಸರ್ ಹುದ್ದೆಗೆ ಕನಿಷ್ಠ 10 ಪ್ರಕಟಣೆ, 120 ಸಂಶೋಧನಾ ಅಂಕ ಬೇಕು. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರಿಗೆ ಅಥವಾ ಪತ್ರಿಕೆಯೊಡನೆ ಪತ್ರವ್ಯವಹಾರ ಮಾಡುವ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಪಿಸಿಆರ್ ಮಾಡಿಕೊಟ್ಟವರ ಹೆಸರು ಸಾಮಾನ್ಯವಾಗಿ ನಡುವೆ ಬರುತ್ತದೆ, ಸಿಗುವುದು ಆ ಮೂವತ್ತು. ಅದಕ್ಕೇ ಇವರಿಗೆ ಒಂದೊಂದು ಲೇಖನವೂ ಬೇಕಿತ್ತು. ವಾರಗಟ್ಟಲೆ ಪಿಪೆಟ್ ಹಿಡಿದವರಿಗೆ ಮೂವತ್ತು ಕೊಡುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ಆದರೆ ನಿಯಮ ನಿಯಮವೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯಾವ ಲೇಖನವನ್ನು ಯಾರು ಉಲ್ಲೇಖಿಸಿದರು ಅಂತ ಲೆಕ್ಕ ಇಡುವ ಒಂದು ದೊಡ್ಡ ದತ್ತಾಂಶ ಸಂಸ್ಥೆಗೆ ಬರೆದು ಇವರ ಗುರುತುಸಂಖ್ಯೆಗಳನ್ನೆಲ್ಲ ಒಂದು ಮಾಡಿಸಿದೆ. ತಿಂಗಳೊಳಗೆ ಅವರ ಯಂತ್ರ ಮತ್ತೆ ಬೇರೆ ಮಾಡಿತು, ಸಾಲದ್ದಕ್ಕೆ ಯಾರದೋ ಪಶುವೈದ್ಯ ಲೇಖನಗಳನ್ನು ತಂದು ಸೇರಿಸಿತು. ವಿಷಯ ಬದಲಾದರೆ ಮನುಷ್ಯರೇ ಬದಲಾದರು ಅಂತ ಅದು ಎಣಿಸಿದಂತಿತ್ತು. ಆಮೇಲೆ ಯಾರು ಯಾರ ಜೊತೆ ಬರೆದರು ಅನ್ನುವ ಸಹಲೇಖಕರ ಜಾಲದ ಚಿತ್ರ ಬರೆದೆ. ಸೊಗಸಾಗಿ ಬಂತು, ಕೆಲಸಕ್ಕೆ ಬರಲಿಲ್ಲ: ಮೂರು ಪ್ರಯೋಗಾಲಯ, ಮೂರು ಗುಂಪು, ನಡುವೆ ಕೊಂಡಿಯೇ ಇಲ್ಲ. ವಿಳಾಸ ಹಿಡಿದು ಹೋದರೆ ವೈದ್ಯಕೀಯ ಲೇಖನಗಳ ದತ್ತಾಂಶವಾದ ಪಬ್‌ಮೆಡ್‌ನಲ್ಲಿ 2014ಕ್ಕೆ ಮೊದಲು ಎಲ್ಲ ಲೇಖಕರ ವಿಳಾಸ ಸಿಗುವುದಿಲ್ಲ, ಮೊದಲ ಲೇಖಕರದು ಮಾತ್ರ. ನಡುವಿನ ಲೇಖಕಿಗೆ ಅದರಿಂದ ಏನು ಪ್ರಯೋಜನ?

ಅಷ್ಟರಲ್ಲಿ ದುಡ್ಡೂ ಖರ್ಚಾಗುತ್ತಿತ್ತು. ಲೇಖನಗಳ ವಿವರವನ್ನು ಲೆಕ್ಕದ ಹಾಳೆಗೆ ತುಂಬಲು ಒಬ್ಬ ವಿದ್ಯಾರ್ಥಿಯನ್ನು ದಿನಗೂಲಿಗೆ ಹಾಕಿಕೊಂಡೆ, ಎಂಟು ಸಾವಿರದ ಹತ್ತಿರ ಹೋಯಿತು. ಕೊಂಡು ಓದಬೇಕಾದ ಲೇಖನ ಒಂದಕ್ಕೆ ಮೂರು ಸಾವಿರ ರೂಪಾಯಿ ಮೇಲೆಯೇ. ಅಂಥವು ಹದಿನೈದರಷ್ಟಿದ್ದವು, ಒಂದನ್ನೂ ಕೊಳ್ಳಲಿಲ್ಲ, ಮೇಡಂ ಹಳೇ ಹಾರ್ಡ್ ಡಿಸ್ಕಿನಿಂದ ಮತ್ತು ಗೆಳೆಯರ ಗ್ರಂಥಾಲಯಗಳಿಂದ ತರಿಸಿದೆ. 'ಪ್ರೊಫೈಲ್ ಸರಿಮಾಡಿ ಕೊಡುತ್ತೇವೆ' ಅಂತ ಒಬ್ಬ ಏಜೆಂಟ್ ಮೂವತ್ತು ಸಾವಿರದ ಮೇಲೆ ಕೇಳಿದ. ಏನು ಮಾಡುತ್ತೀರಿ ಅಂದರೆ ಹೇಳಲು ಒಪ್ಪಲಿಲ್ಲ. ಕಳಿಸಿಬಿಟ್ಟೆ.

ದಾರಿ ಸಿಕ್ಕಿದ್ದು ಆ ಲೇಖನಗಳನ್ನು ಕೂತು ಓದಿದಾಗ. ಶೀರ್ಷಿಕೆ, ಸಾರಾಂಶ ಬಿಟ್ಟು, ಪ್ರಯೋಗ ಹೇಗೆ ಮಾಡಿದರು ಅಂತ ಬರೆಯುವ ವಿಧಾನದ ಭಾಗ ಮಾತ್ರ ಓದುತ್ತ ಹೋದೆ. ರಾಗಿ ಲೇಖನದಲ್ಲಿ ಹೋಲಿಕೆಗೆ ಇಟ್ಟುಕೊಂಡ ಜೀನ್, ಅಂದರೆ ಬೇರೆ ಜೀನ್‌ಗಳನ್ನು ಅಳೆಯಲು ಆಧಾರವಾದದ್ದು, ಒಂದಲ್ಲ, ಮೂರು. ಯಾವುದು ಸ್ಥಿರ ಅಂತ ಜಿನಾರ್ಮ್ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದ್ದಾರೆ. ಬಹಳ ಜನ ಆಕ್ಟಿನ್ ಜೀನ್ ಒಂದನ್ನೇ ಇಟ್ಟುಕೊಂಡು, 2001ರಲ್ಲಿ ಬಂದ ಡೆಲ್ಟಾ-ಡೆಲ್ಟಾ ಸಿಟಿ (Ct) ಅನ್ನುವ ಲೆಕ್ಕ ಹಾಕಿ ಮುಗಿಸುತ್ತಾರೆ. ಹೃದಯದ ಲೇಖನ ತೆಗೆದರೆ ಜೀನ್‌ಗಳು ಬೇರೆ, ಜಿಎಪಿಡಿಎಚ್, 18ಎಸ್, ಆದರೆ ಅಲ್ಲೂ ಮೂರು, ಅಲ್ಲೂ ಜಿನಾರ್ಮ್. ಕೋವಿಡ್ ಲೇಖನದಲ್ಲಿ ಮನುಷ್ಯ ಜೀವಕೋಶ ಬಂದಿದೆಯೇ ಅಂತ ನೋಡಲು ಎಲ್ಲರಂತೆ ಆರ್‌ನೇಸ್ ಪಿ ಜೀನ್ ಇದೆ, ಅದರ ಪಕ್ಕದಲ್ಲಿ ಯಾರೂ ಕೇಳದಿದ್ದರೂ ಇನ್ನೆರಡು ಜೀನ್! ಸಿಡಿಎನ್‌ಎಯನ್ನು (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಎಷ್ಟು ಪಟ್ಟು ತೆಳು ಮಾಡಿದರು, ಪ್ರೈಮರ್ (ಬೇಕಾದ ಜೀನ್ ಹಿಡಿಯುವ ಸಣ್ಣ ಡಿಎನ್‌ಎ ತುಣುಕು) ದಕ್ಷತೆ ಶೇಕಡಾ ಎಷ್ಟು ಬಂತು, ಆ ಪ್ರತಿ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬಿನಲ್ಲಿ ಏನು ಬಂತು, ಇಷ್ಟನ್ನೂ ಅದೇ ಕ್ರಮದಲ್ಲಿ ಬರೆದಿದ್ದಾರೆ. ಇವನ್ನೆಲ್ಲ ವರದಿ ಮಾಡಿ ಅಂತ ರಿಯಲ್ ಟೈಮ್ ಪಿಸಿಆರ್ ಮಾಡುವವರಿಗೆ ಎಂಐಕ್ಯೂಇ ಅನ್ನುವ ಮಾರ್ಗಸೂಚಿ ಬಂದದ್ದು 2009ರಲ್ಲಿ. ಪಾಲಿಸುವವರು ಕಡಿಮೆ, ಇಷ್ಟು ಹಟ ಹಿಡಿದು ಪಾಲಿಸಿದವರನ್ನು ನಾನಂತೂ ಬೇರೆ ನೋಡಿಲ್ಲ. ಕೈಬರಹ ಕಂಡಹಾಗೆ ಕಂಡಿತು.

"ವಿಧಾನದ ಭಾಗ ಎಲ್ಲರೂ ಅವರಿವರದು ಎತ್ತಿ ಹಾಕೋದೇ, ಅದು ಪುರಾವೆ ಹೇಗಾಗುತ್ತೆ?" ಅಂದರು ನಮ್ಮ ಹಿರಿಯ ಗ್ರಂಥಪಾಲಕರು. ಮಾತು ಸರಿಯಾಗಿತ್ತು. ಒಬ್ಬ ಗೈಡ್ ಕೈಕೆಳಗಿನ ವಿದ್ಯಾರ್ಥಿಗಳದ್ದೆಲ್ಲ ಒಂದೇ ವಾಕ್ಯ ಇರುತ್ತದೆ. ಅದಕ್ಕೆ ವಾಕ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಟ್ಟೆ. ಏನನ್ನು ಮಾಡಿದರು, ಯಾವ ಕ್ರಮದಲ್ಲಿ, ಯಾವುದನ್ನು ಬೇಡದಿದ್ದರೂ ಮಾಡಿದರು, ಇದಷ್ಟೇ ಲೆಕ್ಕ. ಇದರ ಜೊತೆಗೆ ಇನ್ನೆರಡು ಗುರುತು ಇಟ್ಟುಕೊಂಡೆ, ಮೂರರಲ್ಲಿ ಎರಡು ಕೂಡಿದರೆ ಮಾತ್ರ ಲೇಖನ ಪಟ್ಟಿಗೆ. ಒಂದು, ಲೇಖಕರ ಕೊಡುಗೆ ಅಂತ ಕೊನೆಯಲ್ಲಿ ಬರುವ ಸಾಲು. ಇನ್ನೊಂದು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ದುಡ್ಡಿಗೆ ಲೇಖನ ತಯಾರಿಸಿ ಮಾರುವವರು ನಾಳೆಯೇ ಅದನ್ನೂ ನಕಲು ಮಾಡುತ್ತಾರೆ. ಗ್ರಂಥಪಾಲಕರಾದರೆ ಎದುರಿಗೆ ಸಿಕ್ಕಾಗ ಕೇಳಿ, ಹೇಳುತ್ತೇನೆ.

ಹಿರಿಯರ ಸಂದೇಹ ತೀರಲಿ ಅಂತ ಒಂದು ಪರೀಕ್ಷೆಯನ್ನೂ ಮಾಡಿದೆ. ಮೇಡಂ ಲೇಖನಗಳೊಳಗೆ ಅದೇ ಕಾಲದ, ಪಿಸಿಆರ್ ಮಾಡಿದ ಬೇರೆಯವರ ಲೇಖನ ಕಲಸಿ, ಹೆಸರು, ಶೀರ್ಷಿಕೆ ಮುಚ್ಚಿ, ಮೂವತ್ತರ ಸುಮಾರು ವಿಧಾನ ಭಾಗಗಳನ್ನು ಜೈವಿಕ ತಂತ್ರಜ್ಞಾನದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಕೊಟ್ಟೆ. ನನ್ನ ಗುರುತುಗಳ ಚೀಟಿ ಹಿಡಿದು ಆಕೆ ಬೇರ್ಪಡಿಸಿದಳು. ಎರಡೋ ಮೂರೋ ತಪ್ಪಿರಬೇಕು, ಅಷ್ಟೇ. ದತ್ತಾಂಶ ಸಂಸ್ಥೆಯ ಯಂತ್ರ ಅದೇ ಲೇಖನಗಳಲ್ಲಿ ಅರ್ಧಕ್ಕರ್ಧ ಕೆಡಿಸಿತ್ತು. ಲಕ್ಷಗಟ್ಟಲೆ ಚಂದಾ ಕಟ್ಟುವ ಸಾಧನಕ್ಕಿಂತ ನಮ್ಮ ಚೀಟಿ ಮೇಲು ಅಂತ ಆವತ್ತು ಧೈರ್ಯ ಬಂತು.

ಪದ್ಧತಿಗೆ ನಿಜವಾದ ಬೆಲೆ ಬಂದದ್ದು ಒಂದು ರಾಗಿ ಲೇಖನದಿಂದ. ಅದೇ ಹೆಸರು, ಅದೇ ಇನಿಶಿಯಲ್, ಅದೇ ಬೆಳೆ, ಕರ್ನಾಟಕದ್ದೇ ವಿಳಾಸ. ಕಣ್ಣುಮುಚ್ಚಿ ಸೇರಿಸುವಂಥದ್ದು, ಎಲ್ಲ ದತ್ತಾಂಶಗಳೂ ಸೇರಿಸಿದ್ದವು. ವಿಧಾನ ನೋಡಿದರೆ ಹೋಲಿಕೆ ಜೀನ್ ಒಂದೇ, ದಕ್ಷತೆಯ ಮಾತೇ ಇಲ್ಲ. ಪಟ್ಟಿಯಿಂದ ತೆಗೆದಿಟ್ಟು ಮೇಡಂಗೆ ಫೋನು ಮಾಡಿದೆ. "ಅದು ನನ್ನದಲ್ಲ ಸರ್, ಆ ವರ್ಷ ನಾನು ಇಲಿ ಹೃದಯದ ಕೆಲಸದಲ್ಲಿದ್ದೆ" ಅಂದರು. ಹೆಸರು, ಊರು, ವಿಷಯ ಮೂರೂ ಕೂಡಿದ್ದು ಬೇರೆಯವರದು, ಒಂದೂ ಕೂಡದ ಹೃದಯದ ಲೇಖನ ಇವರದು. ಸಮಿತಿಯ ಮುಂದೆ ನಾನು ಮೊದಲು ಇಟ್ಟದ್ದು ಇದನ್ನೇ. ಪಟ್ಟಿ ಉದ್ದ ಮಾಡಲು ಬಂದವನಲ್ಲ ಅಂತ ಅವರಿಗೂ ಗೊತ್ತಾಯಿತು.

ನಡುವೆ ಇನ್ನೊಂದು ಕೆಲಸಕ್ಕೂ ಕೈ ಹಾಕಿದೆ. ಅರ್ಜಿಗಳಲ್ಲಿ ಆರ್ಕಿಡ್ ಸಂಖ್ಯೆ ತಪ್ಪಾಗಿ ಬರುತ್ತಿತ್ತು. 16 ಸ್ಥಾನಗಳಲ್ಲಿ ಕೊನೆಯದು ಸಂಖ್ಯೆ ಸರಿಯಿದೆಯೇ ಅಂತ ನೋಡುವ ತಾಳೆ ಅಂಕಿ. ಸೊನ್ನೆಯಿಂದ ಶುರುಮಾಡಿ ಮೊದಲ 15 ಅಂಕಿಗಳನ್ನು ಒಂದೊಂದಾಗಿ ಕೂಡಿಸಿ ಪ್ರತಿ ಸಲ ಎರಡರಿಂದ ಗುಣಿಸುತ್ತ ಹೋಗಿ, ಬಂದದ್ದನ್ನು 11ರಿಂದ ಭಾಗಿಸಿ, ಶೇಷವನ್ನು 12ರಲ್ಲಿ ಕಳೆದು, ಮತ್ತೆ 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಅಂಕಿ. ಹತ್ತು ಬಂದರೆ ಎಕ್ಸ್. ಇದನ್ನು ಎಕ್ಸೆಲ್‌ನಲ್ಲಿ ಸೂತ್ರ ಮಾಡಿಟ್ಟೆ. ವಿಶ್ವವಿದ್ಯಾಲಯದ ಇನ್ನೂರು ಚಿಲ್ಲರೆ ಅಧ್ಯಾಪಕರ ಸಂಖ್ಯೆ ಹಾಕಿ ನೋಡಿದರೆ ಹದಿನೈದಕ್ಕೂ ಹೆಚ್ಚು ತಪ್ಪು, ಅದರಲ್ಲಿ ಕೆಲವು ಎಕ್ಸ್ ಬದಲು ಸೊನ್ನೆ ಹೊಡೆದವು. ಮೇಡಂ ವಿಷಯಕ್ಕೆ ಇದರಿಂದ ಉಪಯೋಗ ಆಗಲಿಲ್ಲ, ಕಚೇರಿಗೆ ಮಾತ್ರ ಬಹಳ ಆಯಿತು.

ಕೊನೆಗೆ ಸಮಿತಿಗೆ ಕೊಟ್ಟದ್ದು ಲೇಖನಕ್ಕೊಂದು ಹಾಳೆ. ಮೇಲೆ ಡಿಒಐ, ಲೇಖನದಲ್ಲಿ ಹೆಸರು ಅಚ್ಚಾದ ರೀತಿ, ಆ ಹೆಸರು ಯಾವ ಸರ್ಕಾರಿ ದಾಖಲೆಯಲ್ಲಿದೆ ಅನ್ನುವುದು. ಕೆಳಗೆ ವಿಧಾನದ ಭಾಗದ ನಕಲು, ಗುರುತುಗಳಿಗೆ ಹಳದಿ ಬಣ್ಣ. ಹೃದ್ರೋಗ ತಜ್ಞರೊಬ್ಬರು ಸಮಿತಿಯಲ್ಲಿದ್ದರು. ರಾಗಿಯದೊಂದು, ಹೃದಯದ್ದೊಂದು ಹಾಳೆ ಪಕ್ಕಪಕ್ಕ ಇಟ್ಟು ಹತ್ತು ನಿಮಿಷ ನೋಡಿ, "ಇದು ಒಬ್ಬರದೇ ಕೈ" ಅಂದರು. ಅಲ್ಲಿಂದ ಮುಂದೆ ವಾದ ಬರಲಿಲ್ಲ. ಒಟ್ಟು ಖರ್ಚು ಹನ್ನೆರಡು ಸಾವಿರ ದಾಟಿಲ್ಲ, ಅದರಲ್ಲಿ ಬಣ್ಣದ ಪ್ರಿಂಟ್‌ಔಟಿಗೇ ಎರಡು ಸಾವಿರ.

ಹೊರಗುಳಿದ ಎರಡರಲ್ಲಿ ಒಂದು ಆ ರಾಗಿ ಲೇಖನ. ಇನ್ನೊಂದು ಹೃದಯದ್ದು, ಮೇಡಂ ತಮ್ಮದೇ ಅನ್ನುತ್ತಾರೆ, ಆದರೆ ಮೂರರಲ್ಲಿ ಒಂದೇ ಗುರುತು ಕೂಡಿತು, ಹಾಗಾಗಿ ನಾನು ಸೇರಿಸಲಿಲ್ಲ. ಆ ಪತ್ರಿಕೆಯ ಸಂಪಾದಕರಿಗೆ ಬರೆದಿದ್ದೇವೆ. ಆರ್ಕಿಡ್ ಪುಟಕ್ಕೆ ಉಳಿದದ್ದನ್ನೆಲ್ಲ ಡಿಒಐ ಮೂಲಕವೇ ಏರಿಸಿಯಾಗಿದೆ, ಕೈಯಲ್ಲಿ ಟೈಪ್ ಮಾಡಿ ಸೇರಿಸಿದ್ದು ಒಂದೂ ಇಲ್ಲ. ನೀವು ಮಾಡುವಾಗಲೂ ಹಾಗೇ ಮಾಡಿ, ಟೈಪ್ ಮಾಡಿದ್ದನ್ನು ಸಮಿತಿಯವರು ಮೊದಲು ಪ್ರಶ್ನಿಸುತ್ತಾರೆ.