ಮಾತು ಬರ್ದಿರೋ ಮಗುಗೆ ಮೊದ್ಲು ಕೇಳೋಕೊಂದು ದಾರಿ ಮಾಡ್ಕೊಡಿ

ಮಗುಗೆ ಮೂರು ವರ್ಷ ಆಗ್ತಾ ಬಂತು, ಇನ್ನೂ ಮಾತಿಲ್ಲ, ಆಟಿಸಂ ಅಂತಲೋ ಬೆಳವಣಿಗೆ ನಿಧಾನ ಅಂತಲೋ ಡಾಕ್ಟರ್ ಹೇಳಿದಾರೆ, ಅವತ್ತಿಂದ ಮನೇಲಿ ಬೆಳಗ್ಗೆಯಿಂದ ರಾತ್ರಿವರೆಗೂ ಒಂದೇ ಕೆಲಸ, ಇದೇನು ಹೇಳು, ಅಮ್ಮ ಅನ್ನು, ಬಾಲ್ ಅನ್ನು, ಎಲ್ಲಿ ಇನ್ನೊಂದ್ ಸಲ ಅನ್ನು. ಮಗು ಮುಖ ತಿರುಗಿಸ್ಕೊಂಡು ಮೂಲೆಗೆ ಹೋಗಿ ಕೂತ್ಕೊಳುತ್ತೆ. ನನ್ನ ಹತ್ರ ಬರೋ ಅಪ್ಪ ಅಮ್ಮಂದಿರಿಗೆ ನಾನು ಮೊದ್ಲು ಹೇಳೋದು ಇಷ್ಟೇ, ಒಂದು ವಾರ ಈ ಪರೀಕ್ಷೆ ನಿಲ್ಸಿ. ಮಾತು ಹುಟ್ಟೋದು ನಾನು ಏನಾದ್ರೂ ತಿಳಿಸಿದ್ರೆ ಎದುರಿಗಿರೋರು ಏನಾದ್ರೂ ಮಾಡ್ತಾರೆ ಅನ್ನೋದು ಮಗುಗೆ ಗೊತ್ತಾದಾಗ, ಆ ಅನುಭವ ಮಾತಿಲ್ಲದೇನೂ ಕೊಡಬಹುದು, ಇವತ್ತೇ ಕೊಡಬಹುದು.

ಅದಕ್ಕೂ ಮುಂಚೆ ಕಿವಿ ಟೆಸ್ಟ್ ಆಗಿದ್ಯಾ ನೋಡ್ಕೊಳಿ. ಟಿವಿ ಸೌಂಡಿಗೆ ತಿರುಗ್ತಾನಲ್ಲ ಅಂತ ಎಷ್ಟೋ ಜನ ಬಿಟ್ಬಿಡ್ತಾರೆ, ಆದ್ರೆ ಸ್ವಲ್ಪ ಕೇಳ್ಸಿ ಸ್ವಲ್ಪ ಕೇಳ್ಸದೇ ಇರೋ ಮಗು ಜೋರು ಸೌಂಡಿಗೆ ತಿರುಗುತ್ತೆ, ಮಾತಿನ ಸಣ್ಣ ಸಣ್ಣ ಶಬ್ದಗಳು ಮಾತ್ರ ತಪ್ಪಿಹೋಗ್ತವೆ. ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಕಿವಿ ತಮಟೆ ಹಿಂದೆ ನೀರು ತುಂಬ್ಕೊಳೋದು ತುಂಬಾ ಸಾಮಾನ್ಯ, ಅವರಿಗೆ ಒಂದ್ಸಲ ಟೆಸ್ಟ್ ಮಾಡ್ಸಿದ್ರೆ ಸಾಲ್ದು, ಆಗಾಗ ಮಾಡಿಸ್ತಾ ಇರ್ಬೇಕು. ಇನ್ನೂ ಡಾಕ್ಟರ್ ಹತ್ರ ಹೋಗದೇ ಇರೋರಿಗೆ ಒಂದ್ ಮಾತು: 12 ತಿಂಗಳಿಗೆ ಬಬ್ಬಬ ಅನ್ನೋ ತೊದಲಾಗ್ಲಿ ಬೆರಳು ತೋರಿಸೋದಾಗ್ಲಿ ಇಲ್ಲ, 16 ತಿಂಗಳಿಗೆ ಒಂದೂ ಪದ ಇಲ್ಲ, 24 ತಿಂಗಳಿಗೆ ತಾನಾಗಿ ಎರಡು ಪದ ಸೇರಿಸ್ತಿಲ್ಲ, ಇಲ್ಲಾ ಯಾವ ವಯಸ್ಸಲ್ಲೇ ಆಗ್ಲಿ ಬಂದಿದ್ದ ಮಾತು ಹೋಯ್ತು ಅಂದ್ರೆ ಕಾಯ್ಬೇಡಿ, ಗಂಡುಮಕ್ಕಳು ಲೇಟಾಗಿ ಮಾತಾಡ್ತಾರೆ ಅಂತ ಯಾರು ಹೇಳಿದ್ರೂ ಕಾಯ್ಬೇಡಿ.

ಈಗ ಮನೆ ಕೆಲಸ. ಮಗು ಆಗ್ಲೇ ಹೇಗೆ ಹೇಳ್ತಿದೆ ಅಂತ ಎರಡು ಮೂರು ದಿನ ಸುಮ್ನೆ ಗಮನಿಸಿ ಬರ್ದಿಟ್ಕೊಳಿ. ನಿಮ್ಮ ಕೈ ಹಿಡಿದು ಎಳ್ಕೊಂಡೋಗಿ ಡಬ್ಬದ ಮೇಲೆ ಇಡೋದು, ಬಾಗ್ಲ ಹತ್ರ ನಿಂತ್ಕೊಂಡು ಅಳೋದು, ಬೇಡದ ತಟ್ಟೆ ತಳ್ಳೋದು, ಇವೆಲ್ಲಾ ಮಾತೇ. ಕೆಟ್ಟ ಅಭ್ಯಾಸ ಅಂತ ಅಂದ್ಕೊಂಡಿರೋ ಎಷ್ಟೋ ವಿಷ್ಯ ಈ ಪಟ್ಟಿಗೆ ಬಂದು ಸೇರುತ್ತೆ.

ಆಮೇಲೆ ಮಗುಗೆ ಇಷ್ಟ ಆಗೋ, ನೀವಿಲ್ದೆ ನಡೆಯದ ಒಂದು ಆಟ ಆರಿಸ್ಕೊಳಿ. ಸೋಪಿನ ನೀರಿನ ಗುಳ್ಳೆ ಊದೋದು ನಂಗೆ ತುಂಬಾ ಇಷ್ಟ, ಯಾಕಂದ್ರೆ ಮುಚ್ಚಳ ಬಿಗಿಯಾಗಿದ್ರೆ ಮಗುಗೆ ತೆಗೆಯೋಕಾಗಲ್ಲ, ಊದೋಕೂ ಬರಲ್ಲ, ನಿಮ್ಮನ್ನ ಕೇಳ್ಲೇಬೇಕು. ನೆಲದ ಮೇಲೆ ಮಗು ಎದುರಿಗೆ, ಅದರ ಮುಖದ ಮಟ್ಟಕ್ಕೆ ಕೂತ್ಕೊಳಿ. ಒಂದ್ಸಲ ಊದಿ, ಗುಳ್ಳೆ ಎಲ್ಲಾ ಒಡೆದು ಮುಗಿಯೋವರೆಗೂ ಸುಮ್ನಿರಿ, ಕಡ್ಡಿ ತುಟಿ ಹತ್ರ ತನ್ನಿ, ಅಲ್ಲೇ ನಿಲ್ಸಿ, ಮನಸ್ಸಲ್ಲೇ ಹತ್ತರವರೆಗೂ ಎಣಿಸಿ. ಬಾಯಲ್ಲಿ ಏನೂ ಹೇಳ್ಬೇಡಿ, ಬೇಕಾ ಅಂತಾನೂ ಕೇಳ್ಬೇಡಿ, ಮುಖದಲ್ಲಿ ಮಾತ್ರ ಕಾಯ್ತಿದೀನಿ ಅನ್ನೋದು ಕಾಣ್ಲಿ. ಈ ಹತ್ತು ಸೆಕೆಂಡ್ ದೊಡ್ಡೋರಿಗೆ ತಡ್ಕೊಳೋಕೆ ತುಂಬಾ ಕಷ್ಟ, ಆದ್ರೆ ಕೇಳಿಸ್ಕೊಂಡು, ಅರ್ಥ ಮಾಡ್ಕೊಂಡು, ಕೈನೋ ಬಾಯಿನೋ ಆಡ್ಸೋಕೆ ಈ ಮಕ್ಕಳಿಗೆ ಅಷ್ಟು ಟೈಮ್ ಬೇಕು. ಮಗು ನಿಮ್ ಕಡೆ ಒಂದ್ ಸಣ್ಣ ನೋಟ ಹಾಕ್ತು, ಕೈ ಮುಂದೆ ಚಾಚ್ತು, ಉಂ ಅಂತು, ಏನೇ ಮಾಡ್ಲಿ, ತಕ್ಷಣ "ಊದು!" ಅಂತ ಹೇಳ್ತಾ ಊದ್ಬಿಡಿ. ಸರಿಯಾಗಿ ಹೇಳಿದ್ರೆ ಮಾತ್ರ ಊದ್ತೀನಿ ಅನ್ಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಗಲ್ಲ ಹಿಡಿದು ತಿರುಗಿಸೋದಂತೂ ಬೇಡ್ವೇ ಬೇಡ, ಕಣ್ಣು ನೋಡೋದು ಕೆಲವು ಮಕ್ಕಳಿಗೆ ನಿಜವಾಗ್ಲೂ ಹಿಂಸೆ ಆಗುತ್ತೆ, ನೋಡದೇನೂ ಕೇಳಿಸ್ಕೊಳ್ತಾರೆ.

ನೀವು ಆಡೋ ಮಾತೂ ಚಿಕ್ಕದಾಗ್ಬೇಕು. ಮಾತೇ ಇಲ್ದಿರೋ ಮಗುಗೆ ಒಂದೆರಡು ಪದ, ಒಂದು ಪದ ಬಂದಿದ್ರೆ ಎರಡು ಮೂರು ಪದ. ಅದು ಕಾರ್ ಉರುಳಿಸ್ತಿದ್ರೆ ಪಕ್ಕದಲ್ಲಿ ಕೂತು "ಕಾರ್ ಹೋಯ್ತು" ಅನ್ನಿ, ಬಿದ್ರೆ "ಬಿತ್ತು" ಅನ್ನಿ. ಬಣ್ಣ, ಪ್ರಾಣಿ, ಅಂಕಿ ಹೆಸರು ಕಲಿಸೋ ಆತುರ ಬೇಡ. ಕೊಡು, ಬೇಡ, ಇನ್ನೂ, ಸಾಕು, ಬಾ, ತೆಗಿ, ಮುಗೀತು, ಇವು ದಿನಕ್ಕೆ ನೂರು ಸಲ ಕೆಲ್ಸಕ್ಕೆ ಬರೋ ಪದಗಳು. ಜಿರಾಫೆ ಹೆಸರು ಗೊತ್ತಿದ್ದು ಸಾಕು ಅನ್ನೋಕೆ ಬರ್ದೇ ಇರೋ ಮಗು ಕಿರುಚ್ಲೇಬೇಕಾಗುತ್ತೆ ಅಲ್ವಾ.

ಕೆಲವು ಮಕ್ಕಳು ಮಾತಾಡ್ತಾರೆ, ಆದ್ರೆ ಕೇಳಿದ್ದನ್ನೇ ತಿರುಗಿ ಹೇಳ್ತಾರೆ, ಇದಕ್ಕೆ ಎಕೋಲಾಲಿಯಾ ಅಂತಾರೆ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಬರ್ದ ಆಟಿಸಂ ಲೇಖನದಲ್ಲೂ ಇದು ಇದೆ. ಬಹಳ ಕಾಲ ಇದನ್ನ ಅರ್ಥ ಇಲ್ದಿರೋ ಗಿಳಿಪಾಠ ಅಂತ ನಿಲ್ಸೋಕೆ ನೋಡ್ತಿದ್ರು, 1980ರ ದಶಕದಲ್ಲಿ ಸ್ಪೀಚ್ ಥೆರಪಿಸ್ಟ್ ಬ್ಯಾರಿ ಪ್ರಿಜಾಂಟ್ ಮತ್ತೆ ಅವರ ಜೊತೆಯವರು ಮಕ್ಕಳು ಇದನ್ನ ಕೇಳೋಕೆ, ಹೂಂ ಅನ್ನೋಕೆ, ತಮ್ಮನ್ನ ತಾವು ಸಮಾಧಾನ ಮಾಡ್ಕೊಳೋಕೆಲ್ಲಾ ಬಳಸ್ತಾರೆ ಅಂತ ತೋರಿಸಿದ್ರು. ಮಗು ನಿಮ್ ಹತ್ರ ಬಂದು "ನೀರು ಬೇಕಾ?" ಅಂದ್ರೆ ಅದು ನಿಮ್ಮನ್ನ ಕೇಳ್ತಿಲ್ಲ, ನೀರು ಕೊಡೋವಾಗ ಯಾವಾಗ್ಲೂ ಕೇಳ್ಸೋ ಸಾಲು ಅದು, ಅದಕ್ಕೇ ಅದನ್ನ ತಂದಿದೆ. ತಿದ್ದೋಕೆ ಹೋಗ್ದೆ ಮಗು ಬಾಯಲ್ಲಿ ಬರ್ಬೇಕಾದ ರೂಪದಲ್ಲೇ "ನೀರು ಬೇಕು" ಅಂತ ಹೇಳಿ ನೀರು ಕೊಡಿ. ಸಂಬಂಧ ಇಲ್ದಿರೋ ಒಂದು ಜಾಹೀರಾತಿನ ಸಾಲು ಪದೇ ಪದೇ ಹೇಳ್ತಿದ್ರೆ ಮೊದಲ ಸಲ ಅದನ್ನ ಕೇಳ್ದಾಗ ಏನ್ ನಡೀತಿತ್ತು ನೆನಪು ಮಾಡ್ಕೊಳಿ, ಭಯ ಆಗಿತ್ತೋ ಖುಷಿ ಇತ್ತೋ, ಬಹಳ ಸಲ ಅರ್ಥ ಅಲ್ಲಿರುತ್ತೆ.

ಮಾತು ಬರೋದು ತಡ ಆಗ್ತಿದ್ರೆ ಚಿತ್ರದ ಕಾರ್ಡೋ, ಕೈ ಸನ್ನೆನೋ, ಟ್ಯಾಬಲ್ಲಿ ಚಿತ್ರ ಒತ್ತಿದ್ರೆ ಮಾತಾಡೋ ಆ್ಯಪೋ ಶುರು ಮಾಡಿ ಅಂತ ನಾನು ಒತ್ತಾಯ ಮಾಡ್ತೀನಿ. ಇದನ್ನ ಕೊಟ್ರೆ ಮಾತಾಡೋಕೆ ಸೋಮಾರಿ ಆಗ್ತಾನೆ ಅನ್ನೋ ಭಯ ಎಲ್ಲರಿಗೂ ಇದೆ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಅನ್ನೋ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿದಾಗ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಮ್ಮಿ ಆಗಿರ್ಲಿಲ್ಲ, 89 ಪರ್ಸೆಂಟ್ ಜನರಿಗೆ ಮಾತು ಹೆಚ್ಚಾಗಿತ್ತು, ತುಂಬಾ ಅಲ್ದಿದ್ರೂ ಹೆಚ್ಚಾಗಿತ್ತು.

ಕಾರ್ಡ್ ಶುರು ಮಾಡೋಕೆ 1985ರಲ್ಲಿ ಆ್ಯಂಡಿ ಬಾಂಡಿ, ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್, ಅಂದ್ರೆ ಚಿತ್ರ ಕೊಟ್ಟು ಬೇಕಾದ್ದನ್ನ ಕೇಳೋ ಪದ್ಧತಿಯ ಮೊದಲ ಹಂತ ಸುಲಭ. ಇಬ್ರು ದೊಡ್ಡೋರು ಬೇಕು. ಒಬ್ರು ಎದುರಿಗೆ ಮಗುಗೆ ಪ್ರಾಣವಾದ ವಸ್ತು ಹಿಡ್ಕೊಂಡು ಕೂರ್ತಾರೆ, ಮಧ್ಯೆ ಅದರ ಒಂದೇ ಒಂದು ಚಿತ್ರ. ಮಗು ವಸ್ತು ಕಡೆ ಕೈ ಚಾಚಿದ ಕೂಡ್ಲೇ ಹಿಂದೆ ಕೂತಿರೋ ಇನ್ನೊಬ್ರು ಬಾಯಿಬಿಡದೆ ಆ ಕೈಯಲ್ಲಿ ಚಿತ್ರ ಎತ್ತಿಸಿ ಎದುರಿಗಿರೋರ ಅಂಗೈಗೆ ಇಡಿಸ್ತಾರೆ, ಅವರು ವಸ್ತು ಹೆಸರು ಹೇಳ್ತಾ ಆ ಕ್ಷಣಾನೇ ಕೊಡ್ತಾರೆ. ಹಿಂದಿನವರ ಸಹಾಯ ದಿನದಿಂದ ದಿನಕ್ಕೆ ಕಮ್ಮಿ ಆಗ್ಬೇಕು. ಮುಂದಿನ ಹಂತಗಳನ್ನ ಸ್ಪೀಚ್ ಥೆರಪಿಸ್ಟ್ ಹತ್ರ ಕಲೀರಿ. ಆ್ಯಪ್ ಆದ್ರೆ ಮಗು ಕೈಲಿ ಒತ್ತಿಸೋ ಮುಂಚೆ ನೀವು ಮಾತಾಡ್ತಾ ಮಾತಾಡ್ತಾ ಒತ್ತಿ ತೋರಿಸ್ಬೇಕು, ವಾರಗಟ್ಟಲೆ, ತಿಂಗಳುಗಟ್ಟಲೆ. ಟ್ಯಾಬ್ ಚಾರ್ಜ್ ಖಾಲಿಯಾದ ದಿನಕ್ಕೆ ಅದೇ ಚಿತ್ರಗಳ ಒಂದು ಪ್ರಿಂಟ್ ಇಟ್ಕೊಂಡಿರಿ. ಇನ್ನೊಂದು, ಯಾರಾದ್ರೂ ದೊಡ್ಡೋರು ಮಗು ಕೈ ಹಿಡಿದು ಅಕ್ಷರ ಟೈಪ್ ಮಾಡಿಸಿ ಮಗುನೇ ಬರೀತಿದೆ ಅಂದ್ರೆ ದೂರ ಇರಿ, ಪರೀಕ್ಷೆ ಮಾಡಿ ನೋಡಿದಾಗೆಲ್ಲಾ ಬರೆದಿದ್ದು ಕೈ ಹಿಡ್ಕೊಂಡೋರೇ ಅಂತ ಗೊತ್ತಾಗಿದೆ.

ಕಚ್ಚೋದು, ತಲೆ ಚಚ್ಕೊಳೋದು ಇದ್ರೆ ಅದು ಯಾವುದರಿಂದ ಶುರು ಆಗುತ್ತೆ, ಆದ್ಮೇಲೆ ಮಗುಗೆ ಏನು ಸಿಗುತ್ತೆ ನೋಡಿ. 1985ರಲ್ಲೇ ಕಾರ್ ಮತ್ತೆ ಡ್ಯುರಾಂಡ್ ಅನ್ನೋ ಸಂಶೋಧಕರು ಅದೇ ಕೆಲ್ಸ ಆಗೋ ಒಂದು ಮಾತು ಕಲಿಸಿದ್ರೆ, ಅಂದ್ರೆ ಕಷ್ಟದ ಪಾಠದಿಂದ ತಪ್ಪಿಸ್ಕೊಳೋಕೆ ಗಲಾಟೆ ಮಾಡೋ ಮಗುಗೆ ಸಹಾಯ ಕೇಳೋಕೆ ಕಲಿಸಿದ್ರೆ, ಗಲಾಟೆ ಇಳಿಯುತ್ತೆ ಅಂತ ತೋರಿಸಿದ್ರು.

ಮನೆ ಭಾಷೆ ಬಿಡ್ಬೇಡಿ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನೋಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ, ಅಜ್ಜಿ ಜೊತೆ ಮಾತಾಡೋಕಾಗ್ದಿರೋ ಭಾಷೆ ಮಾತ್ರ ಮನೇಲಿ ಉಳಿಸಿ ಏನು ಲಾಭ.

ಎಷ್ಟು ದಿನ ಹಿಡಿಯುತ್ತೆ ಅಂತ ಎಲ್ಲರೂ ಕೇಳ್ತಾರೆ. ನಾಲ್ಕು ವರ್ಷಕ್ಕೂ ಪದ ಜೋಡಿಸದೇ ಇದ್ದ 535 ಆಟಿಸಂ ಮಕ್ಕಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಬಂತು, ಆಮೇಲೆ 70 ಪರ್ಸೆಂಟ್ ಮಕ್ಕಳಿಗೆ ಪದ ಜೋಡಿಸಿ ಮಾತಾಡೋಕೆ ಬಂದಿತ್ತು, 47 ಪರ್ಸೆಂಟ್ ಸರಾಗವಾಗಿ ಮಾತಾಡ್ತಿದ್ರು. ಉಳಿದ ಮಕ್ಕಳಿಗೆ ಕಾರ್ಡೋ ಆ್ಯಪೋ ಜೀವನಪೂರ್ತಿ ದನಿ ಆಗ್ಬಹುದು, ಅದು ಸೋಲಲ್ಲ, ಆದ್ರೆ ಅದನ್ನ ಸ್ಕೂಲಲ್ಲಿ ಕಪಾಟಲ್ಲಿಟ್ಟು ಬೀಗ ಹಾಕೋಕೆ ಮಾತ್ರ ಬಿಡ್ಬೇಡಿ, ಟೀಚರ್ ಹತ್ರ ಮೊದಲ ದಿನಾನೇ ಇದು ಇವನ ಬಾಯಿ, ಶಿಕ್ಷೆ ಅಂತ ಕಿತ್ಕೊಳೋ ಹಾಗಿಲ್ಲ ಅಂತ ಹೇಳಿ, ಬರ್ದೂ ಕೊಡಿ.